ಅಜ್ಜಿಯ ಎರಡು ಸಾವಿರ, ಮೊಮ್ಮಗನ ಮೂರು ಸಾವಿರ: ಮೂರು ತಲೆಮಾರಿನ ದುಡಿಮೆಯ ಒಂದು ಪ್ರಕರಣ

ರಾಯಚೂರು ಜಿಲ್ಲೆಯ ಒಂದು ರೈತ ಕುಟುಂಬದಲ್ಲಿ 2023ರ ಜೂನ್‌ನಿಂದ 2025ರ ಬೇಸಿಗೆವರೆಗೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಊರು, ತಾಲ್ಲೂಕು, ಮನೆತನದ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಮನೆಯವರಿಗೆ ಇದನ್ನು ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಗ್ರಾಮೀಣ ಜೀವನೋಪಾಯದ ಕೆಲಸದಲ್ಲಿರುವವರಿಗೆ, ಪಂಚಾಯತಿ ಸದಸ್ಯರಿಗೆ, ಓದಿದ ಮಕ್ಕಳು ಮನೆಯಲ್ಲಿ ಕುಳಿತಿರುವ ತಂದೆತಾಯಿಗೆ ಇದು ಉಪಯೋಗವಾಗಬಹುದು.

ಗ್ಯಾರಂಟಿ ಯೋಜನೆಗಳು ಬಂದಾಗಿನಿಂದ ಎರಡು ಮಾತು ಎಲ್ಲೆಡೆ ಕೇಳಿಬರುತ್ತಿವೆ. ಜನ ಸೋಮಾರಿಗಳಾಗುತ್ತಿದ್ದಾರೆ ಎನ್ನುವುದು ಒಂದು, ಬಡವರ ಬದುಕು ಹಸನಾಯಿತು ಎನ್ನುವುದು ಇನ್ನೊಂದು. 2024–25ರ ರಾಜ್ಯ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ. ಇಷ್ಟು ದೊಡ್ಡ ಮೊತ್ತದ ಬಗ್ಗೆ ವಾದ ನಡೆಯುವುದು ಸಹಜ, ನಡೆಯಲೂಬೇಕು. ಆದರೆ ಈ ಒಂದೇ ಮನೆಗೆ ಸರ್ಕಾರದ ದುಡ್ಡು ಬೇರೆ ಬೇರೆ ಬಾಗಿಲಿನಿಂದ ಬಂತು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ ಕೆಲಸ ಮಾಡಿತು. ಒಬ್ಬರ ದುಡಿಮೆ ಹೆಚ್ಚಿತು, ಇನ್ನೊಬ್ಬರದು ನಿಂತಿತು. ಯಾಕೆ ಹೀಗಾಯಿತು ಎಂದು ಹುಡುಕಿದ್ದೇ ಈ ಬರಹ.

ಮನೆ ಮತ್ತು ಮನೆಯವರು

ಊರು ಕಾಲುವೆಯ ನೀರು ಹತ್ತದ ಕಡೆಗಿದೆ. ಬಸ್ಸಿನಲ್ಲಿ ಒಂದು ತಾಸು ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಶುರುವಾಗುತ್ತವೆ. ಇಲ್ಲಿ ಮಾತ್ರ ಮಳೆ ಬಂದರೆ ಹತ್ತಿ, ತೊಗರಿ, ಜೋಳ. ಮನೆಗೆ ನಾಲ್ಕು ಎಕರೆ ಹೊಲ. ಅಜ್ಜಿ, ಮಗ–ಸೊಸೆ, ಮೊಮ್ಮಗ, ಮೊಮ್ಮಗಳು, ಒಟ್ಟು ಐದು ಜನ.

ಅಜ್ಜಿಗೆ ಈಗ ಎಪ್ಪತ್ತರ ಆಸುಪಾಸು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲೇ 1972ರ ಬರ ಬಿತ್ತು. ಸರ್ಕಾರ ಬರಗಾಲದ ಕಾಮಗಾರಿ ತೆಗೆಯಿತು. ಅಜ್ಜಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. ಸಂಜೆ ಜಲ್ಲಿಯನ್ನು ಅಳೆದು, ಅಳತೆಗೆ ತಕ್ಕಂತೆ ಕೂಲಿ. ಕಾಳು ಸಿಕ್ಕ ದಿನ ಹಬ್ಬ. "ಅಳತಿಗೆ ಒಂದು ಬುಟ್ಟಿ ಕಮ್ಮಿ ಬಿದ್ರ ಮಕ್ಕಳಿಗೆ ಅರ್ಧ ರೊಟ್ಟಿ ಕಮ್ಮಿ" ಎಂದು ಅವರು ಈಗಲೂ ಹೇಳುತ್ತಾರೆ. ಅವರ ಪಾಲಿಗೆ ಮೈ ಬೆವರಿದರೆ ಮಾತ್ರ ಅದು ದುಡಿಮೆ. ಸರ್ಕಾರ ಕೊಡುವುದಾದರೆ ಕೆಲಸ ಕೊಡಬೇಕು, ಕೆಲಸಕ್ಕೆ ಕೂಲಿ ಕೊಡಬೇಕು. ಅದೇ ಬರ ನೆರೆಯ ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತ್ರಿ ಕಾಯ್ದೆಗೆ ದಾರಿ ಮಾಡಿತು, ಮುಂದೆ 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾಯ್ದೆ ಬಂತು.

ಸೊಸೆ, ಅಂದರೆ ಈ ಪ್ರಕರಣದ ತಾಯಿ, ಗುಳೆ ಹೋದ ತಲೆಮಾರಿನವರು. ತೊಗರಿ ಕಟಾವು ಮುಗಿದ ಮೇಲೆ ಮೇಸ್ತ್ರಿಯ ಮುಂಗಡ ತೆಗೆದುಕೊಂಡು ಗಂಡನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದು, ಮುಂಗಾರಿಗೆ ಮರಳುವುದು, ಮಕ್ಕಳನ್ನು ಅತ್ತೆಯ ಬಳಿ ಬಿಡುವುದು. 2006ರಲ್ಲಿ ಖಾತ್ರಿ ಯೋಜನೆ ಮೊದಲ ಹಂತದಲ್ಲೇ ರಾಯಚೂರು ಜಿಲ್ಲೆಗೆ ಬಂದರೂ ಈ ಊರಲ್ಲಿ ಸರಿಯಾಗಿ ಕೆಲಸ ಸಿಗಲು ಹಲವು ವರ್ಷ ಹಿಡಿಯಿತು. ಸಿಗತೊಡಗಿದ ಮೇಲೆ ತಾಯಿ ಗುಳೆ ಬಿಟ್ಟರು, ತಂದೆ ಬಿಡಲಿಲ್ಲ. ದುಡಿಮೆ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು, ಮಕ್ಕಳನ್ನು ಮಾತ್ರ ಈ ಬಾಳಿನಿಂದ ಪಾರು ಮಾಡಬೇಕು ಎನ್ನುವುದು ಇಬ್ಬರ ಲೆಕ್ಕ.

ಪಾರಾಗಬೇಕಾದವನು ಇವರ ಮಗ, ಅಂದರೆ ಅಜ್ಜಿಯ ಮೊಮ್ಮಗ. ಮನೆಯ ಮೊದಲ ಪದವೀಧರ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಓದಿ 2023ರಲ್ಲಿ ಮುಗಿಸಿದ. ಚಿಕ್ಕಂದಿನಿಂದ ಅವನ ಕಿವಿಗೆ ಬಿದ್ದ ಮಾತು ಒಂದೇ: "ಓದು, ನೌಕರಿ ಹಿಡಿ, ನಮ್ಮಂಗ ಆಗಬ್ಯಾಡ." ಸಂವಿಧಾನಕ್ಕೆ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಹುಡುಗರಿಗೆ ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಮೀಸಲು. ಆಸೆಗೆ ಆಧಾರವಿತ್ತು. ಕೂಲಿ ಮಾಡಬೇಡ ಎಂದು ಇಪ್ಪತ್ತು ವರ್ಷ ಹೇಳಿ ಬೆಳೆಸಿದವರೇ, ಅವನು ಕೂಲಿಗೆ ಬರುವುದಿಲ್ಲ ಎಂದಾಗ ಸೋಮಾರಿ ಎಂದರು. ಈ ಪ್ರಕರಣದ ನೋವೆಲ್ಲ ಇಲ್ಲೇ ಇದೆ.

ಜಗಳಕ್ಕೆ ಕಾರಣವಾದದ್ದು

2023ರ ಜುಲೈನಲ್ಲಿ ಮಗ ಧಾರವಾಡಕ್ಕೆ ಹೋದ. ಸಪ್ತಾಪುರದ ಸುತ್ತ ಕೋಚಿಂಗ್ ಸೆಂಟರು, ಓದುವ ಕೋಣೆ, ಮೆಸ್ಸುಗಳ ನಡುವೆ ಉತ್ತರ ಕರ್ನಾಟಕದ ಸಾವಿರಾರು ಹುಡುಗ ಹುಡುಗಿಯರು ಬದುಕುತ್ತಾರೆ. ಹಂಚಿಕೊಂಡ ರೂಮಿನ ಬಾಡಿಗೆ, ಮೆಸ್ಸು, ಓದುವ ಕೋಣೆಯ ಶುಲ್ಕ ಸೇರಿ ತಿಂಗಳಿಗೆ ಆರೇಳು ಸಾವಿರ. ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಹತ್ತಿ ಬಿತ್ತಿದ ಖರ್ಚೂ ಹುಟ್ಟಲಿಲ್ಲ. 2024ರ ಜನವರಿಯಲ್ಲಿ ಮಗ ಪುಸ್ತಕದ ಗಂಟು ಕಟ್ಟಿಕೊಂಡು ಊರಿಗೆ ಬಂದ.

ರೂಮಿನ ಹಿರಿಯ ಗೆಳೆಯನೊಬ್ಬ 2021ರಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಿದ್ದ. ಅಕ್ರಮ ಬಯಲಾಗಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವನ ಎರಡು ವರ್ಷ ಹಾಗೇ ಹೋಯಿತು. ಇದನ್ನು ಕಣ್ಣಾರೆ ಕಂಡೂ ಮಗನಿಗೆ ಆಸೆ ಬತ್ತಲಿಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ ಎಂಬ ಲೆಕ್ಕ ಅವನಿಗೆ ಬಾಯಿಪಾಠ. ಇಂದಲ್ಲ ನಾಳೆ ತುಂಬಲೇಬೇಕಲ್ಲ ಎಂಬುದು ಅವನ ನಂಬಿಕೆ.

ಅದೇ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು. 2022–23ರಲ್ಲಿ ಪದವಿ ಮುಗಿಸಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ದಿನ ಬಂದ್. ಇನ್ನೂ ನಿರುದ್ಯೋಗಿಯೇ ಎಂದು ಆಗಾಗ ಸ್ವಯಂ ಘೋಷಣೆ ಕೊಡಬೇಕು. ಮಗ ಅರ್ಜಿ ಹಾಕಿದ, ಹಣ ಬರತೊಡಗಿತು.

ಇತ್ತ ಗೃಹಲಕ್ಷ್ಮಿಯ ಎರಡು ಸಾವಿರ 2023ರ ಆಗಸ್ಟ್ ಕೊನೆಯಿಂದಲೇ ಶುರುವಾಗಿತ್ತು. ಪಡಿತರ ಚೀಟಿಯಲ್ಲಿ ಯಜಮಾನಿ ಅಜ್ಜಿ. ಹಾಗಾಗಿ ದುಡ್ಡು ಬಿದ್ದದ್ದು ಅಜ್ಜಿಯ ಖಾತೆಗೆ. ಬಹಳ ಮನೆಗಳಲ್ಲಿ ಅತ್ತೆ ಸೊಸೆಯರ ನಡುವೆ ಕಿಡಿ ಹೊತ್ತಿಸಿದ ನಿಯಮ ಇದು. ಈ ಮನೆಯಲ್ಲೂ ಹೊತ್ತಿತು. ಆ ಹಣ ಮಗನ ಧಾರವಾಡದ ಖರ್ಚಿಗೆ ಹೋಗಲಿ ಎಂದು ತಾಯಿ ಕೇಳಿದರು. ಅಜ್ಜಿ ಒಪ್ಪಲಿಲ್ಲ. "ದುಡಿಯೋ ಕೈಗೆ ಕೊಡತೀನಿ, ಕುಂತು ಓದೋರಿಗೆ ಕೊಡಂಗಿಲ್ಲ" ಎಂದರು. ಮೊಮ್ಮಗ ಅಜ್ಜಿಯ ಜೊತೆ ಮಾತು ಬಿಟ್ಟ.

ಮೊದಲ ತಿರುವು: ದುಡ್ಡು ಸೊಸೆಯ ಕೈಗೆ

ಅಜ್ಜಿಯ ಮಾತಿನಲ್ಲಿ ಮೊಮ್ಮಗನಿಗೆ ಅನ್ಯಾಯವಿತ್ತು. ಆದರೆ ಅದರಿಂದ ಮನೆಗೆ ಒಂದು ದಾರಿಯೂ ತೆರೆಯಿತು. ದುಡಿಯುವ ಕೈ ಯಾವುದು ಎಂದು ಕೇಳಿದಾಗ ಅವರು ತೋರಿಸಿದ್ದು ಸೊಸೆಯನ್ನು.

ತಾಯಿ ಆಗಲೇ ಮದುವೆ, ಜಾತ್ರೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಪಟ್ಟಣದ ಖಾನಾವಳಿಗೆ ದಿನಾ ಕೊಡಬೇಕೆಂಬ ಆಸೆ ಇತ್ತು. ಅಡ್ಡ ಬಂದದ್ದು ಬಸ್ಸಿನ ಖರ್ಚು. ಹೋಗಿ ಬರುವ ಟಿಕೆಟ್ಟಿಗೇ ಲಾಭದ ಒಳ್ಳೆಯ ಪಾಲು ಹೋಗುತ್ತಿತ್ತು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಆ ಖರ್ಚು ಸೊನ್ನೆಯಾಯಿತು. ಬುಟ್ಟಿ ದೊಡ್ಡದಾದ ದಿನ ಕಂಡಕ್ಟರ್ ಲಗೇಜು ಕೇಳುತ್ತಾನೆ, ಅಷ್ಟೇ. ಬಸ್ಸು ಹೋಗುವ ರಸ್ತೆ, ಅಂದಹಾಗೆ, ಅಜ್ಜಿ ಬರಗಾಲದಲ್ಲಿ ಜಲ್ಲಿ ಒಡೆದುಕೊಟ್ಟ ಅದೇ ರಸ್ತೆ. ಪರಿಹಾರದ ಕಾಮಗಾರಿಗೆ ಸುರಿದ ಹಣ ವ್ಯರ್ಥ ಎನ್ನುವವರು ಐವತ್ತು ವರ್ಷದ ಲೆಕ್ಕ ಹಾಕಿ ನೋಡಬೇಕು.

ಗೃಹಲಕ್ಷ್ಮಿಯ ಮೊದಲ ಕಂತುಗಳಲ್ಲಿ ಎರಡು ದೊಡ್ಡ ಹಂಚು ಬಂದವು, ಬಡಿಯಲು ಅಗಲವಾದ ಕಲ್ಲು ಬಂತು, ಆಮೇಲೆ ಜೋಳದ ಚೀಲ ಬಂತು. ಓಣಿಯ ಇನ್ನಿಬ್ಬರು ಹೆಂಗಸರು ಸೇರಿದರು. ನಸುಕಿನ ನಾಲ್ಕಕ್ಕೆ ಒಲೆ ಹೊತ್ತುತ್ತದೆ. ಒಬ್ಬರು ಕುದಿಯುವ ನೀರು ಹಾಕಿ ಹಿಟ್ಟು ನಾದುತ್ತಾರೆ, ಒಬ್ಬರು ಬಡಿಯುತ್ತಾರೆ, ಒಬ್ಬರು ಹಂಚಿನ ಮೇಲೆ ನೀರು ಸವರಿ ತಿರುವಿ ಬೇಯಿಸುತ್ತಾರೆ. ಎಂಟರ ಬಸ್ಸಿಗೆ 250 ರೊಟ್ಟಿ ಬಟ್ಟೆ ಸುತ್ತಿ ಸಿದ್ಧ. ಬೆರಳ ತುದಿ ಸುಟ್ಟು ಗಟ್ಟಿಯಾಗಿರುವುದನ್ನು ತಾಯಿ ತೋರಿಸಿದರು.

ಲೆಕ್ಕ ಹೀಗಿದೆ. ಖಾನಾವಳಿಯವರು ರೊಟ್ಟಿಗೆ 7 ರೂಪಾಯಿ ಕೊಡುತ್ತಾರೆ, 250ಕ್ಕೆ 1,750. ಜೋಳ, ಗಿರಣಿ, ಕಟ್ಟಿಗೆ ಎಲ್ಲ ಕಳೆದರೆ ಒಂಬೈನೂರರಷ್ಟು ಉಳಿಯುತ್ತದೆ. ಮೂವರಿಗೆ ಹಂಚಿದರೆ ತಲಾ ಮುನ್ನೂರು. ಹತ್ತಿ ಬಿಡಿಸುವ ಕೂಲಿಗಿಂತ ತುಸು ಹೆಚ್ಚು, ಖಾತ್ರಿ ಕೂಲಿಗಿಂತ ಕಡಿಮೆ. 2024ರ ಏಪ್ರಿಲ್‌ನಿಂದ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಆಗಿತ್ತು. ಆದರೆ ಖಾತ್ರಿ ಕೆಲಸ ಆಗ ವರ್ಷಕ್ಕೆ ಒಂದು ಮನೆಗೆ ನೂರು ದಿನ, ಹತ್ತಿ ಮೂರು ನಾಲ್ಕು ತಿಂಗಳು. ರೊಟ್ಟಿ ವರ್ಷಪೂರ್ತಿ. ತಾಯಿ ನಸುಕಿನಲ್ಲಿ ರೊಟ್ಟಿ, ಬೇಸಿಗೆಯಲ್ಲಿ ಹಗಲು ಖಾತ್ರಿ, ಸುಗ್ಗಿಯಲ್ಲಿ ಹೊಲ, ಮೂರನ್ನೂ ಹೊಂದಿಸಿದರು. ಪುಕ್ಕಟೆ ದುಡ್ಡು ಬಂದ ಮೇಲೆ ಈ ಹೆಣ್ಣುಮಗಳ ದುಡಿಮೆಯ ತಾಸು ಹೆಚ್ಚಾಯಿತು.

ತೊಡಕೂ ಇತ್ತು. ಗೃಹಲಕ್ಷ್ಮಿ ಕಂತು ತಿಂಗಳು ತಿಂಗಳು ಸರಿಯಾಗಿ ಬೀಳಲಿಲ್ಲ. ಎರಡು ಮೂರು ತಿಂಗಳು ಬಾರದೆ ಒಮ್ಮೆಲೇ ಬರುತ್ತಿತ್ತು. ಆ ಹಣ ನಂಬಿ ಸುಗ್ಗಿಯಲ್ಲಿ ಅಗ್ಗವಾಗಿ ಜೋಳ ಕೊಳ್ಳಬೇಕೆಂದವರು ಅಂಗಡಿಯಲ್ಲಿ ಉದ್ರಿ ತಂದು ದುಬಾರಿ ಬೆಲೆ ತೆತ್ತರು. ಮೊತ್ತ ಎಷ್ಟು ಎಂಬುದರಷ್ಟೇ ಯಾವ ದಿನ ಬರುತ್ತದೆ ಎಂಬುದೂ ಮುಖ್ಯ ಎಂದು ನನಗೆ ಮನದಟ್ಟಾದದ್ದು ಈ ಜೋಳದ ಚೀಲದಿಂದ.

ಮಗ ಕೆಲಸ ಬೇಡವೆಂದದ್ದು ಯಾಕೆ

2024ರ ಹತ್ತಿ ಹಂಗಾಮು ಶುರುವಾಗುವ ಹೊತ್ತಿಗೆ ಮೂವತ್ತು ಕಿಲೋಮೀಟರ್ ದೂರದ, ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲಿನಿಂದ ಮಗನಿಗೆ ಕರೆ ಬಂತು. ವೇಬ್ರಿಜ್‌ನಲ್ಲಿ ಕುಳಿತು ಗಾಡಿಯ ತೂಕವನ್ನು ಕಂಪ್ಯೂಟರಿಗೆ ಹಾಕಿ ಚೀಟಿ ಕೊಡುವ ಕೆಲಸ. ತಿಂಗಳಿಗೆ 12,000, ದಿನಕ್ಕೆ 12 ತಾಸು, ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಬೇಡ ಎಂದ. ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಬೆಂಗಳೂರಿನಿಂದ ಬಂದಿದ್ದ ತಂದೆ ಹೊಡೆಯಲು ಎದ್ದರು.

ಮರುದಿನ ಮಗ ನನಗೆ ನೋಟ್‌ಬುಕ್ಕಿನ ಒಂದು ಹಾಳೆ ತೋರಿಸಿದ. ಪಗಾರ 12,000. ಯುವನಿಧಿ ನಿಲ್ಲುವುದರಿಂದ 3,000 ಕಡಿಮೆ. ಗಂಡಸರಿಗೆ ಬಸ್ಸು ಪುಕ್ಕಟೆ ಇಲ್ಲ, 2,000. ಮಧ್ಯಾಹ್ನದ ಊಟ, ಚಹಾ 1,500. ಕೈಗೆ ಹೆಚ್ಚಾಗಿ ಬರುವುದು 5,500. ಅದಕ್ಕಾಗಿ ಓದುವ ಸಮಯ ಪೂರ್ತಿ ಹೋಗುತ್ತದೆ. ಆರು ತಿಂಗಳ ಬಳಿಕ ಮಿಲ್ಲಿನ ಕೆಲಸವೂ ಇರುವುದಿಲ್ಲ, ಯುವನಿಧಿ ಮತ್ತೆ ಶುರುವಾಗುತ್ತದೆಂಬ ಭರವಸೆಯೂ ಇಲ್ಲ. ಹಾಳೆಯ ಕೆಳಗೆ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯ ದಿನಾಂಕ ಬರೆದು ಎರಡು ಗೆರೆ ಎಳೆದಿದ್ದ.

ಇದನ್ನು ಸೋಮಾರಿತನ ಎನ್ನಲು ನನಗೆ ಸಾಧ್ಯವಿಲ್ಲ. ದಿನಕ್ಕೆ ಎಂಟು ತಾಸು ಓದುವ ಹುಡುಗ ಅವನು. ತನ್ನ ಮುಂದಿದ್ದ ನಿಯಮಗಳನ್ನು ಓದಿ, ಅವುಗಳ ಪ್ರಕಾರ ನಷ್ಟ ಕಡಿಮೆ ಇರುವ ದಾರಿ ಹಿಡಿದ. ತಪ್ಪು ಅವನ ಲೆಕ್ಕದಲ್ಲಿರಲಿಲ್ಲ. ದುಡಿಯದಿದ್ದರೆ ಮಾತ್ರ ಹಣ ಎಂಬ ಷರತ್ತಿನಲ್ಲಿತ್ತು. ಅಜ್ಜಿಯ ಎರಡು ಸಾವಿರಕ್ಕೆ ಈ ಷರತ್ತು ಇರಲಿಲ್ಲ. ಸೊಸೆ ಎಷ್ಟೇ ದುಡಿದರೂ ಅದು ಬರುತ್ತಿತ್ತು, ಹಾಗಾಗಿ ದುಡಿಮೆಗೆ ಬಂಡವಾಳವಾಯಿತು.

ಇದೇ ಷರತ್ತು ಇನ್ನೊಂದು ಕಡೆಯೂ ಕೆಲಸ ಕೆಡಿಸಿತ್ತು. 2024ರ ಬೇಸಿಗೆಯಲ್ಲಿ ಪಂಚಾಯತಿಯವರು ಅವನನ್ನು ಕಾಯಕ ಬಂಧು ಆಗು ಎಂದು ಕರೆದಿದ್ದರು. ಖಾತ್ರಿ ಕೆಲಸದ ಜಾಗದಲ್ಲಿ ಗುಂಪು ನೋಡಿಕೊಂಡು, ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಸಹಿತ ಹಾಜರಿ ಹಾಕುವ ಕೆಲಸ. ಖಾತ್ರಿ ಹಣ ಖಾತೆಗೆ ಬಂದರೆ ಯುವನಿಧಿ ನಿಲ್ಲುತ್ತದೆಯೇ ಎಂದು ಕೇಳಿದ. ಒಬ್ಬರು ನಿಲ್ಲುತ್ತದೆ ಎಂದರು, ಇನ್ನೊಬ್ಬರು ನಿಲ್ಲುವುದಿಲ್ಲ ಎಂದರು. ಅವನು ಹೋಗಲಿಲ್ಲ.

ಎರಡನೇ ತಿರುವು: 2024ರ ಅಕ್ಟೋಬರ್

ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗಳಿಗೆ ಲಕ್ಷಗಟ್ಟಲೆ ಜನ ಅರ್ಜಿ ಹಾಕಿದ್ದರು. ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದು ಬಂದವನ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಆಗಿಲ್ಲವೆಂದು. ಅದೇ ತಿಂಗಳ 28ರಂದು ಸಚಿವ ಸಂಪುಟ ಇನ್ನೊಂದು ತೀರ್ಮಾನ ತೆಗೆದುಕೊಂಡಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲ. ಒಳಮೀಸಲಾತಿ ದಶಕಗಳ ನ್ಯಾಯಯುತ ಬೇಡಿಕೆ, ಅದರ ಬಗ್ಗೆ ಈ ಮನೆಯಲ್ಲಿ ಯಾರಿಗೂ ಎರಡು ಮಾತಿಲ್ಲ. ಆದರೆ ಕಾಯುತ್ತಿದ್ದವರಿಗೆ ಎಷ್ಟು ದಿನ ಎಂದು ಹೇಳುವವರು ಇರಲಿಲ್ಲ. ಒಳಮೀಸಲಾತಿಗೆಂದು ನೇಮಿಸಿದ ಆಯೋಗದ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ.

ಮುಂದಿನ ಪರೀಕ್ಷೆಯ ದಿನಾಂಕವೇ ಇಲ್ಲವೆಂದಾಗ ಮಗನ ಹಾಳೆಯ ಲೆಕ್ಕ ಕುಸಿಯಿತು. ಹಲವು ದಿನ ಹೊರಗೆ ಬರಲಿಲ್ಲ. ಆ ದಿನಗಳಲ್ಲಿ ತಾಯಿ ಮಾಡಿದ್ದನ್ನು ಈ ಪ್ರಕರಣದ ಅತ್ಯಂತ ಜಾಣ ನಿರ್ಧಾರ ಎನ್ನುತ್ತೇನೆ. ಓದು ಬಿಡು ಎನ್ನಲಿಲ್ಲ, ಕೂಲಿಗೆ ಬಾ ಎನ್ನಲಿಲ್ಲ. ಖಾನಾವಳಿಗಳ ಉದ್ರಿ ಚೀಟಿಗಳ ಕಟ್ಟನ್ನು ತಂದು ಮುಂದಿಟ್ಟರು. "ಇದನ್ನ ಕೂಡಿಸಿ ಕೊಡು. ನನಗ ತಿಳಿಯವಲ್ದು."

ಮೂರು ಖಾನಾವಳಿ, ಹತ್ತು ತಿಂಗಳ ಚೀಟಿಗಳು. ಮಗ ತಾರೀಖಿನಂತೆ ಜೋಡಿಸಿ ನೋಡಿದಾಗ ಒಂದು ಖಾನಾವಳಿ ಕೊಡಬೇಕಾದ ಹಣ ಮನೆಯವರು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿತ್ತು. ಇನ್ನೊಂದಕ್ಕೆ ಕೊಟ್ಟ ರೊಟ್ಟಿಯ ಎಣಿಕೆಯಲ್ಲೇ ತಪ್ಪಿತ್ತು. ಹಾಳೆ ಹಿಡಿದು ತಾಯಿಯ ಜೊತೆ ಹೋದ. ಮೊದಲ ಖಾನಾವಳಿಯವರು ಲೆಕ್ಕ ಒಪ್ಪಿ ಕಂತಿನಲ್ಲಿ ಕೊಟ್ಟರು. ಎರಡನೆಯವರು ಕೊಡಲಿಲ್ಲ, ಅವರಿಗೆ ರೊಟ್ಟಿ ನಿಲ್ಲಿಸಿದರು. ವಸೂಲಾದ ಹಣದಲ್ಲಿ ತಾಯಿ ಮಗನಿಗೆ ಒಂದು ಪಾಲು ಕೊಟ್ಟರು. ಕೈಖರ್ಚಿಗೆ ಎಂದು ಕೊಡಲಿಲ್ಲ, "ನಿನ್ನ ಕೂಲಿ" ಎಂದು ಹೇಳಿಯೇ ಕೊಟ್ಟರು. ಅಂದಿನಿಂದ ವಾರಕ್ಕೊಮ್ಮೆ ಲೆಕ್ಕ, ವಾರಕ್ಕೊಮ್ಮೆ ಕೂಲಿ.

ನಂತರ ಮನೆಯಲ್ಲಿ ಒಂದು ಒಪ್ಪಂದವಾಯಿತು. ದಿನಕ್ಕೆ ಇಷ್ಟು ಹೊತ್ತು ಓದು, ಅದಕ್ಕೆ ಯಾರೂ ಮಾತಾಡಬಾರದು. ಉಳಿದ ಹೊತ್ತು ಕೆಲಸ. ನೇಮಕಾತಿ ಮತ್ತೆ ಶುರುವಾದ ಮೇಲೆ ಎರಡು ಪರೀಕ್ಷೆ ಬರೆಯಬಹುದು, ಆಗದಿದ್ದರೆ ಸರ್ಕಾರಿ ನೌಕರಿಯ ಮಾತು ಬಿಡಬೇಕು. ತಂದೆಯ ಮುಂದೆ ಇಬ್ಬರೂ ಒಪ್ಪಿದರು. ಓದಿಗೆ ಕೊನೆ ಎಲ್ಲಿ ಎಂಬುದು ಮೊದಲ ಸಲ ನಿಗದಿಯಾಯಿತು.

2025ರ ಬೇಸಿಗೆ

ಮುಂದಿನ ಬೇಸಿಗೆಯಲ್ಲಿ ಮಗ ಕಾಯಕ ಬಂಧುವಾದ. ಯುವನಿಧಿ ಹೋದರೆ ಹೋಗಲಿ ಎಂದುಕೊಂಡೇ ಹೋದ. ಆ ಊರಲ್ಲಿ ಹಲವು ವರ್ಷಗಳಿಂದ ಒಂದು ದೂರಿತ್ತು, ದಿನವಿಡೀ ಅಗೆದರೂ ಪೂರ್ತಿ ಕೂಲಿ ಬೀಳುವುದಿಲ್ಲವೆಂದು. ಖಾತ್ರಿಯಲ್ಲಿ ಕೂಲಿ ಅಳತೆಯ ಮೇಲೆ. ಬದುವಿನ ಗುಂಡಿಯನ್ನು ಕೆಲಸ ಮುಗಿದ ಮೇಲೆ ಅಳೆದು, ಕಡಿಮೆ ಬಿದ್ದರೆ ಕೂಲಿ ಕಡಿಯುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಭಾಗಕ್ಕೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಇರುವುದು ಬಹಳ ಜನರಿಗೆ ಗೊತ್ತೇ ಇರಲಿಲ್ಲ. ಮಗ ಮಾಡಿದ್ದು ಇಷ್ಟೇ. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆಯೇ ಟೇಪು ಹಿಡಿದು, ರಿಯಾಯಿತಿ ಕಳೆದು, ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂದು ಸುಣ್ಣದ ಗೆರೆ ಹಾಕಿದ. ಗೆರೆ ಮುಗಿಸಿದರೆ 370 ರೂಪಾಯಿ ಪೂರ್ತಿ (ಆ ಏಪ್ರಿಲ್‌ನಿಂದ ಕೂಲಿ ಅಷ್ಟಾಗಿತ್ತು). ಅವನ ಗುಂಪಿನ ಹೆಂಗಸರು ಹನ್ನೊಂದು ಗಂಟೆಯ ಬಿಸಿಲೇರುವ ಮುಂಚೆ ಗೆರೆ ಮುಗಿಸುವಷ್ಟು ಹುರುಪಿನಿಂದ ಅಗೆದರು.

ಅಜ್ಜಿ ಒಂದು ದಿನ ಕೆಲಸದ ಜಾಗಕ್ಕೆ ಬಂದು ಕುಳಿತರು. ತಮ್ಮ ಕಾಲದಲ್ಲಿ ಸಂಜೆಯ ಅಳತೆಗೆ ಹೆದರಿ ದಿನವಿಡೀ ತಲೆ ಎತ್ತದೆ ಒಡೆದವರು ಅವರು. ಗೆರೆ ನೋಡಿ, "ಮೊದಲೇ ಅಳದು ಕೊಡಾದು ಚೊಲೋ" ಎಂದರು. ಮೊಮ್ಮಗ ಮಾಡುವುದು ದುಡಿಮೆ ಎಂದು ಒಪ್ಪಿದರೆಂದು ನಾನು ಹೇಳಲಾರೆ. ಗೃಹಲಕ್ಷ್ಮಿಯ ಹಣ ಇವತ್ತಿಗೂ ಸೊಸೆಯ ಕೈಗೇ ಕೊಡುತ್ತಾರೆ. ಮೊಮ್ಮಗನ ಜೊತೆ ಮಾತು ಮಾತ್ರ ಮತ್ತೆ ಶುರುವಾಗಿದೆ.

ರೊಟ್ಟಿಯ ವಹಿವಾಟೂ ಬೆಳೆಯಿತು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸೇರಿಸಿ ಪೊಟ್ಟಣ ಮಾಡಿದರು. ಆಹಾರ ಸುರಕ್ಷತೆಯ ನೋಂದಣಿಯನ್ನು, ಸಣ್ಣವರಿಗೆ ವರ್ಷಕ್ಕೆ ನೂರು ರೂಪಾಯಿಯ ಶುಲ್ಕದ್ದು, ಮಗನೇ ಮಾಡಿಸಿದ. ಯಂತ್ರ ಹಾಕಿರಿ, ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ರಾಜ್ಯದ ಪಾಲೂ ಸೇರಿ ಅರ್ಧ ಸಬ್ಸಿಡಿ ಸಿಗುತ್ತದೆ ಎಂದು ಹೇಳಿದವರಿದ್ದರು. ಮನೆಯವರು ಕೂತು ಚರ್ಚಿಸಿ ಬೇಡವೆಂದರು. ಸಬ್ಸಿಡಿ ಅರ್ಧವಾದರೂ ಉಳಿದರ್ಧ ಸಾಲವೇ, ಯಂತ್ರಕ್ಕೆ ತಕ್ಕಷ್ಟು ಗಿರಾಕಿ ಇನ್ನೂ ಇಲ್ಲ. ಸ್ವಸಹಾಯ ಸಂಘದಿಂದ ಚಿಕ್ಕ ಸಾಲ ಪಡೆದು ಸುಗ್ಗಿಯಲ್ಲಿ ಜೋಳ ಹಿಡಿದಿಟ್ಟರು. ಸಬ್ಸಿಡಿ ಇದೆ ಎಂಬ ಕಾರಣಕ್ಕೇ ದೊಡ್ಡ ಯಂತ್ರಕ್ಕೆ ಕೈಹಾಕಿ ಮುಳುಗಿದವರನ್ನು ನಾನು ಕಂಡಿದ್ದೇನೆ. ಇವರ ಎಚ್ಚರ ನನಗೆ ಹಿಡಿಸಿತು.

ಬೇರೆಯವರು ಇದರಿಂದ ತೆಗೆದುಕೊಳ್ಳಬಹುದಾದದ್ದು

ಒಂದು ಮನೆಯಿಂದ ಇಡೀ ರಾಜ್ಯಕ್ಕೆ ತೀರ್ಪು ಹೇಳಲಾಗದು. ಆದರೂ ಇದು ಒಂಟಿ ಪ್ರಕರಣವಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ 29.1. ಓದುಬರಹ ಬಾರದ ಯುವಜನರಲ್ಲಿ ಅದು ಶೇ 3.4. ಓದಿದಷ್ಟೂ ಕೆಲಸವಿಲ್ಲದೆ ಉಳಿಯುವ ಸಾಧ್ಯತೆ ಹೆಚ್ಚು. ಓದದವರಿಗೆ ಕಾಯುವ ಅನುಕೂಲವಿಲ್ಲ, ಸಿಕ್ಕ ಕೆಲಸ ಮಾಡಲೇಬೇಕು. ಓದಿದವನಿಗೆ ಕಾಯಲು ಕಾರಣವಿದೆ, ಕಾಯಿಸುವ ವ್ಯವಸ್ಥೆಯೂ ಇದೆ. ರಾಜ್ಯದ ಬೆಳವಣಿಗೆ ಬೆಂಗಳೂರಿನಲ್ಲಿ ಗುಡ್ಡೆಯಾಗಿರುವಾಗ, ರಾಯಚೂರಿನ ಬಿ.ಎ. ಪದವೀಧರನಿಗೆ ತನ್ನೂರಿನ ಹತ್ತಿರ ಗೌರವದ ಪಗಾರ ಕೊಡುವ ಮಾಲೀಕ ಸರ್ಕಾರ ಮಾತ್ರ. 2002ರ ನಂಜುಂಡಪ್ಪ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಈಚೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ರಸ್ತೆ, ಶಾಲೆ ಕೊಠಡಿ ಆಗಿವೆ. ಈ ಹುಡುಗನಂಥವರನ್ನು ಸೇರಿಸಿಕೊಳ್ಳುವ ಉದ್ದಿಮೆ ತಾಲ್ಲೂಕಿಗೆ ಬಂದಿಲ್ಲ.

ತಂದೆತಾಯಿಗೆ ನನ್ನ ಮಾತು ಒಂದೇ. ಮಗನನ್ನು ಸೋಮಾರಿ ಎನ್ನುವ ಮುಂಚೆ ಅವನ ಲೆಕ್ಕದ ಹಾಳೆ ಕೇಳಿ ನೋಡಿ. ಕೂಲಿ ಬೇಡ ಎನ್ನುವವನಿಗೆ ಲೆಕ್ಕ, ಅಳತೆ, ನೋಂದಣಿ ಬೇಡವಿರಲಿಕ್ಕಿಲ್ಲ. ಓದಿಗೆ ಗಡುವು ಹಾಕುವುದಾದರೆ ಅವನನ್ನು ಕೂರಿಸಿಕೊಂಡು ಹಾಕಿ.

ಪಂಚಾಯತಿಗಳು ಮಾಡಬಹುದಾದದ್ದು ಇನ್ನೂ ಸುಲಭ. ಊರಲ್ಲಿ ಕುಳಿತಿರುವ ಪದವೀಧರರ ಪಟ್ಟಿ ಮಾಡಿ, ಕಾಯಕ ಬಂಧುವಿನ ಕೆಲಸಕ್ಕೆ ಕರೆಯಲಿ. ಯಾವ ಹಣ ಯಾವುದಕ್ಕೆ ಅಡ್ಡಿ, ಯಾವುದಕ್ಕೆ ಅಡ್ಡಿಯಿಲ್ಲ ಎಂದು ಗೋಡೆಯ ಮೇಲೆ ಬರೆಸಲಿ. 2024ರ ಬೇಸಿಗೆಯಲ್ಲಿ ಆ ಒಂದು ಸಾಲು ಗೋಡೆಯ ಮೇಲಿದ್ದಿದ್ದರೆ ಈ ಹುಡುಗ ಒಂದು ವರ್ಷ ಮುಂಚೆಯೇ ಟೇಪು ಹಿಡಿಯುತ್ತಿದ್ದ.

ಯೋಜನೆ ರೂಪಿಸುವವರಿಗೆ ಹೇಳುವುದು ಸ್ವಲ್ಪ ಕಠಿಣ. ರಾಜಸ್ವ ಕೊರತೆಯ ಬಜೆಟ್ಟಿನಿಂದ ಇಷ್ಟು ಹಣ ಕೊಡುವಾಗ ಷರತ್ತನ್ನು ಇನ್ನಷ್ಟು ಯೋಚಿಸಿ ಬರೆಯಬೇಕು. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳೂ ಯುವನಿಧಿ ಬರುವಂತಿದ್ದರೆ ಜಿನ್ನಿಂಗ್ ಮಿಲ್ಲಿನ ಹಾಳೆಯಲ್ಲಿ 5,500ರ ಜಾಗದಲ್ಲಿ 8,500 ಇರುತ್ತಿತ್ತು. ಅದಕ್ಕೆ ತಗಲುವುದು ಹುಡುಗ ಕೆಲಸ ಬಿಟ್ಟು ಕುಳಿತರೂ ಸರ್ಕಾರ ಕೊಡಲಿದ್ದ ಹಣವೇ. ಜೊತೆಗೆ, ನೇಮಕಾತಿಗೆ ವಾರ್ಷಿಕ ಕ್ಯಾಲೆಂಡರ್ ಮಾಡಿ ಅದರಂತೆ ನಡೆದರೆ ಹೊಸದಾಗಿ ಒಂದು ರೂಪಾಯಿಯೂ ಖರ್ಚಿಲ್ಲದೆ ಸಾವಿರಾರು ಮನೆಗಳ ಈ ಜಗಳ ತಗ್ಗುತ್ತದೆ.

ಈಗ ಎಲ್ಲಿದೆ

ಮಗಳು ಬಿ.ಕಾಂ. ಎರಡನೇ ವರ್ಷ. ದಿನಾ ಪುಕ್ಕಟೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾಳೆ. ಸರ್ಕಾರಿ ನೌಕರಿಗೆ ಕಾಯುವ ಯೋಚನೆ ಅವಳಿಗೆ ಇಲ್ಲವೇ ಇಲ್ಲ. ಅಣ್ಣನನ್ನು ನೋಡಿದ್ದಾಳೆ. ರೊಟ್ಟಿ ಲೆಕ್ಕವನ್ನು ಫೋನಿಗೆ ಹಾಕಿದವಳು ಅವಳೇ.

ಬೆಂಗಳೂರಿನ ಒಂದು ಅಂಗಡಿಯವರು ತಿಂಗಳಿಗೆ ಐದು ಸಾವಿರ ಖಡಕ್ ರೊಟ್ಟಿ ಕೇಳಿದ್ದಾರೆ, ಜಿಎಸ್‌ಟಿ ಬಿಲ್ ಬೇಕು ಎಂದಿದ್ದಾರೆ. ಜಿಎಸ್‌ಟಿ ಕಟ್ಟುವ ಯಜಮಾನಿಯ ಮನೆಗೆ ಗೃಹಲಕ್ಷ್ಮಿ ಇಲ್ಲ ಎಂಬ ನಿಯಮ ಊರಿಗೆಲ್ಲ ಗೊತ್ತು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ಪರಿಷ್ಕರಣೆಯ ಗದ್ದಲವಾದಾಗ ಪಕ್ಕದ ಓಣಿಯ ಒಂದು ಮನೆಯ ಚೀಟಿ ಕೆಲವು ದಿನ ಹೋಗಿ ಮರಳಿ ಬಂದಿತ್ತು, ಆ ಹೆದರಿಕೆ ಇನ್ನೂ ಆರಿಲ್ಲ. ನೋಂದಣಿಯನ್ನು ಮಗನ ಹೆಸರಿನಲ್ಲಿ ಮಾಡಿಸಿದರೆ ಅಜ್ಜಿಯ ಎರಡು ಸಾವಿರಕ್ಕೆ ತೊಂದರೆಯಿಲ್ಲ ಎಂದು ಅವನು ವಾದಿಸುತ್ತಾನೆ. ಚೀಟಿ ಹೋದರೆ ಅಕ್ಕಿಯೂ ಹೋಗುತ್ತದೆ, ಆಸ್ಪತ್ರೆಯ ಅನುಕೂಲವೂ ಹೋಗುತ್ತದೆ ಎಂದು ತಾಯಿ ಹಿಂಜರಿಯುತ್ತಾರೆ. ಅಂಗಡಿಯವರು ದೀಪಾವಳಿವರೆಗೆ ಸಮಯ ಕೊಟ್ಟಿದ್ದಾರೆ.